ನಡುಹಗಲ ಓದು

“ಊಟದ ಮನೆಯೊಳಗೆ ಮಾತಾಡಬೇಡಿ. ಗೋಡೇಲಿರೋ ಗೂಡು ಹತ್ತಬೇಡಿ. ಹತ್ತಿದ್ರೂ ಅಲ್ಲಿ ಕೆತ್ತಿರೋ ಸಾಲನ್ನ ಬಾಯಿಬಿಟ್ಟು ಓದಬೇಡಿ,” ಎಂದಳು ಹೆಟ್ಟಿ ಮಾರ್‌ಫ್ಲೀಟ್. ಮಠದ ಹೊಲದ ಕೀಲಿಕೈ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು. “ಬಿಡಿಸಿ ಹೇಳಿದ್ದೀನಿ. ಕೇಳಿಸ್ತು ಅಂತ ಒಂದ್ಸಲ ಹೇಳಿಬಿಡಿ.”

“ಕೇಳಿಸ್ತು,” ಎಂದ ಲಯೋನೆಲ್ ಟ್ರೆಂಚ್, ಬೂಟಿಗೆ ಮೆತ್ತಿದ್ದ ಕುರಿಹಿಕ್ಕೆಯನ್ನು ಹುಲ್ಲಿಗೆ ಒರೆಸುತ್ತ. “ಮಾತಾಡೋದಕ್ಕೆ ಅಂತಲೇ ನನ್ನನ್ನ ಲಂಡನ್‌ನಿಂದ ಕರೆಸಿದ್ದಾರೆ ಮಿಸೆಸ್ ಮಾರ್‌ಫ್ಲೀಟ್. ಬಾಯಿ ಮುಚ್ಕೊಂಡು ನಿಲ್ಲೋದಕ್ಕೆ ನಿಮ್ಮ ಕುರಿಗಳಿವೆಯಲ್ಲ.”

“ಕುರಿಗಳೂ ಅಲ್ಲಿ ಅರಚಲ್ಲ.”

“ಪಾಪ, ಈ ಊರಿನ ಥಂಡಿಗೆ ಅವಕ್ಕೂ ಗಂಟಲು ಕಟ್ಟಿರ್ಬೇಕು.”

ಗೇಟಿನ ಪಕ್ಕದ ಮೋಟುಗೋಡೆಯ ಮೇಲೆ ಹೆಟ್ಟಿಯ ಗಂಡ ವಿಲ್ಫ್ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಬಾಯಿ ತೆರೆಯದೆ ಎರಡು ಬೆರಳು ಮೇಲೆತ್ತಿದ. ದೂರದಲ್ಲಿದ್ದ ನಾಯಿ ಕುರಿಗಳನ್ನು ಬಿಟ್ಟು ಬಂದು ಅವನ ಕಾಲಬುಡದಲ್ಲಿ ಮಲಗಿತು. ಲಯೋನೆಲ್ ಅದನ್ನು ನೋಡಿ ಹುಬ್ಬು ಹಾರಿಸಿದ. “ಇವರ ಬಾಯಿಗೂ ಬೀಗ ಹಾಕಿ ಕೀಲಿಕೈ ನೀವೇ ಇಟ್ಕೊಂಡಿದ್ದೀರಾ?”

ಹೆಟ್ಟಿ ಅವನತ್ತ ತಿರುಗಿದಳು. ಅವನ ಮುಖವನ್ನು ಒಂದು ಕ್ಷಣ, ಸಂತೆಯಲ್ಲಿ ಟಗರನ್ನು ನೋಡುವ ಹಾಗೆ ನೋಡಿ, ಬೀಗ ತೆಗೆದಳು.

ಲಯೋನೆಲ್‌ನ ಮುಖ ಯಾರಿಗೂ ಗೊತ್ತಿರಲಿಲ್ಲ. ದನಿ ಗೊತ್ತಿಲ್ಲದವರು ಇರಲಿಲ್ಲ. ದೇಶದ ಅರ್ಧದಷ್ಟು ಕೋಟೆಗಳಲ್ಲಿ, ಟಿಕೆಟ್ ಕಿಟಕಿಯಲ್ಲಿ ಕೊಡುವ ಹೆಡ್‌ಫೋನನ್ನು ಕಿವಿಗಿಟ್ಟರೆ ಕೇಳುವುದು ಅವನೇ. ‘ಈಗ ಎಡಕ್ಕೆ ತಿರುಗಿ’ ಎಂದರೆ ಜನ ಎಡಕ್ಕೆ ತಿರುಗುತ್ತಿದ್ದರು. ‘ಇಲ್ಲಿ ಅವಳ ತಲೆ ಉರುಳಿತು’ ಎಂದರೆ ಐಸ್‌ಕ್ರೀಮು ತಿನ್ನುವುದನ್ನು ನಿಲ್ಲಿಸುತ್ತಿದ್ದರು. ಹಳೆಯ ಕಂಚಿನ ಪಾತ್ರೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಂಥ ದನಿ. ಅದು ಬಿಟ್ಟರೆ ಅವನಿಗೆ ಬೇರೆ ಏನೂ ಇರಲಿಲ್ಲ. ಹೆಂಡತಿ ಬಿಟ್ಟುಹೋಗಿ ಒಂಬತ್ತು ವರ್ಷವಾಗಿತ್ತು, ಗೆಳೆಯರನ್ನು ತಾನೇ ಒಬ್ಬೊಬ್ಬರಾಗಿ ಹೀಯಾಳಿಸಿ ಕಳೆದುಕೊಂಡಿದ್ದ. ಜೂನ್ ತಿಂಗಳಲ್ಲೂ ಕತ್ತಿಗೆ ಉಣ್ಣೆಯ ಮಫ್ಲರು ಸುತ್ತಿ, ಗಂಟೆಗೊಮ್ಮೆ ಬಿಸಿನೀರು ಕುಡಿದು, ಆ ಗಂಟಲನ್ನು ಕೂಸಿನಂತೆ ಕಾಪಾಡಿಕೊಂಡಿದ್ದ. ಯಾರಿಗಾಗಿ ಓದುತ್ತಿದ್ದನೋ ಆ ಜನರನ್ನು ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಮಳೆಗೆ ಹೆದರಿ ಕೋಟೆಯೊಳಗೆ ನುಗ್ಗುವ ದನಗಳು ಎನ್ನುತ್ತಿದ್ದ.

“ಸರ್, ಆಕೆ ತಮಾಷೆಗೆ ಹೇಳಿದ ಹಾಗೆ ಕಾಣಲಿಲ್ಲ,” ಎಂದಳು ಪ್ರೂ ಡಾಕಿನ್. ಹನ್ನೊಂದು ವರ್ಷದಿಂದ ಅವನ ದನಿಯನ್ನು ಮುದ್ರಿಸಿಕೊಳ್ಳುತ್ತಿದ್ದ ಹೆಂಗಸು ಅವಳು. ಯಂತ್ರದ ಚೀಲ ಅವಳ ಹೆಗಲಲ್ಲಿತ್ತು, ಮೈಕಿನ ಕೋಲು ಕೈಯಲ್ಲಿತ್ತು. “ಆ ಗೋಡೆಯಿಂದ ಆಚೆ ನಿಂತು ಓದಿದ್ರೂ ನಡೆಯತ್ತೆ.”

“ನೀನು ಗುಂಡಿ ಒತ್ತೋ ಕೆಲಸ ನೋಡ್ಕೋ. ಹೆದರೋದಕ್ಕೆ ನಿನಗೆ ಸಂಬಳ ಕೊಡ್ತಿಲ್ಲ.”

ಕೆಲ್‌ಥಾರ್ಪ್ ಮಠವೆಂದರೆ ನೋಡಲು ಏನೂ ಇಲ್ಲ. ಹುಲ್ಲು ಮುಚ್ಚಿದ ದಿಬ್ಬಗಳು. ಮೀನು ಸಾಕುತ್ತಿದ್ದ ಕೊಳಗಳ ಜಾಗದಲ್ಲಿ ಜೊಂಡು ಬೆಳೆದ ಮೂರು ತಗ್ಗುಗಳು. ‘ರಕ್ಷಿತ ಸ್ಮಾರಕ, ಕಲ್ಲು ಕದಲಿಸುವುದು, ನೆಲ ಅಗೆಯುವುದು ಅಪರಾಧ’ ಎಂಬ ತುಕ್ಕು ಹಿಡಿದ ಫಲಕ. ಐನೂರು ವರ್ಷದಿಂದ ನಿಂತಿರುವುದು ಊಟದ ಮನೆಯ ದಕ್ಷಿಣ ಗೋಡೆಯೊಂದೇ. ಆ ಗೋಡೆಯ ದಪ್ಪದೊಳಗೇ ಕಿರಿದಾದ ಮೆಟ್ಟಿಲು. ಮೆಟ್ಟಿಲ ಕೊನೆಗೆ, ಆಳೆತ್ತರದಲ್ಲಿ, ಒಬ್ಬರು ನಿಲ್ಲುವಷ್ಟು ಗೂಡು.

ಗೋಡೆಯ ಈಚೆ ಕಾಲಿಟ್ಟಾಗ ಗಾಳಿ ನಿಂತಿತು. ಪ್ರೂ ಅದನ್ನು ಗಮನಿಸಿದಳು. ಕುರಿಗಳೆಲ್ಲ ಬೆನ್ನು ತಿರುಗಿಸಿ ಮೇಯುತ್ತಿದ್ದವು. ಅದನ್ನೂ ಗಮನಿಸಿದಳು.

ಲಯೋನೆಲ್ ಹಾಳೆ ನೋಡಿ ಓದಿದ. “ಇದು ಸನ್ಯಾಸಿನಿಯರ ಊಟದ ಮನೆ. ಅವರು ಉಣ್ಣುವಾಗ ಒಬ್ಬಳು ಮಾತ್ರ ಮೇಲಿನ ಗೂಡಿನಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಉಳಿದವರು ಪಿಟ್ಟೆನ್ನುವಂತಿಲ್ಲ. ರೊಟ್ಟಿ ಬೇಕಾದರೆ ಎರಡು ಹೆಬ್ಬೆರಳು, ಎರಡು ತೋರುಬೆರಳು ಕೂಡಿಸಿ ದುಂಡಗೆ ತೋರಿಸಬೇಕು. ಮೀನು ಬೇಕಾದರೆ ಅಂಗೈಯನ್ನು ಬಾಲದಂತೆ ಆಡಿಸಬೇಕು. ಓದಿದವಳ ಊಟ ಪಂಕ್ತಿ ಎದ್ದ ಮೇಲೆ.” ಹಾಳೆ ಮಡಚಿದ. “ಮೂವತ್ತು ಮುದಿ ಕನ್ಯೆಯರು, ಹುರುಳಿ ಗಂಜಿ, ಮೂಕಾಭಿನಯ! ಇದನ್ನ ಕೇಳೋಕೆ ಯಾರು ಬರ್ತಾರೆ? ಸ್ವಲ್ಪ ಮಸಾಲೆ ಹಾಕೋಣ, ತಡಿ. ಮೇಲೆ ಹತ್ತುತೀನಿ.”

“ಸರ್, ಬೇಡ. ಆಗಲೇ ಹನ್ನೆರಡಾಗ್ತಾ ಬಂತು, ಚರ್ಚಿನ ಗಂಟೆ ಹೊಡೆಯತ್ತೆ.”

ಅವನು ಹತ್ತಿಯೇಬಿಟ್ಟ.

ಒಳಗೆ ಕತ್ತಲು. ಹೊರಗೆ ಬೇಸಿಗೆಯ ಬೆಳಕು ಬಿದ್ದಿದ್ದರೂ ಮೆಟ್ಟಿಲ ಮೇಲೆ ಒಂದು ಎಳೆಯೂ ಬೀಳುತ್ತಿರಲಿಲ್ಲ. ಎರಡೂ ಭುಜಕ್ಕೆ ತಣ್ಣನೆಯ ಕಲ್ಲು ಉಜ್ಜುತ್ತಿತ್ತು. ಎಂಟನೆಯ ಮೆಟ್ಟಿಲಲ್ಲಿ ಮೂಗಿಗೆ ಬಡಿದದ್ದು ಆಗತಾನೇ ಆರಿಸಿದ ಮೇಣದಬತ್ತಿಯ ಹೊಗೆ. ಪಿಕ್ನಿಕ್ಕಿಗೆ ಬಂದ ದನಗಳ ಕೆಲಸ ಎಂದುಕೊಂಡ. ಗೂಡಿನ ಅಂಚಿನಲ್ಲಿ ಲ್ಯಾಟಿನ್ ಸಾಲೊಂದನ್ನು ಕೆತ್ತಲಾಗಿತ್ತು. ಶಾಲೆಯ ದಿನಗಳಲ್ಲಿ ಚರ್ಚಿನಲ್ಲಿ ಹಾಡಿದ ಸಾಲು, ಅರ್ಥ ನೆನಪಿತ್ತು. ಒಡೆಯಾ, ನನ್ನ ತುಟಿಗಳನ್ನು ತೆರೆ.

ಲಯೋನೆಲ್ ಮಫ್ಲರನ್ನು ತಲೆಯ ಮೇಲೆ ಮುಸುಕಿನಂತೆ ಎಳೆದುಕೊಂಡು, ಕಣ್ಣು ಮೇಲು ಮಾಡಿ, ಹಲ್ಲಿಲ್ಲದ ಮುದುಕಿಯ ಕೀರಲು ದನಿಯಲ್ಲಿ ಆ ಸಾಲನ್ನು ಓದಿದ. ಕೊನೆಗೆ ಒಂದು ತೇಗು ಸೇರಿಸಿದ.

ಕೆಳಗಿನಿಂದ ಪ್ರೂ ತಲೆಯಾಡಿಸಿದಳು. “ಮಫ್ಲರು ಮೈಕಿಗೆ ಉಜ್ಜಿತು.”

ಮುದ್ರಣದ ಕೆಲಸದಲ್ಲಿ ಇದೆಲ್ಲ ಮಾಮೂಲು. ಕೆಟ್ಟರೆ ಇನ್ನೊಮ್ಮೆ, ಮತ್ತೂ ಕೆಟ್ಟರೆ ಮತ್ತೊಮ್ಮೆ. ಅವನು ಎರಡನೆಯ ಸಲ ಓದಿದ. ಓದುತ್ತಿದ್ದಾಗಲೇ ಪಕ್ಕದ ವಾಯುನೆಲೆಯ ವಿಮಾನವೊಂದು ತಲೆಯ ಮೇಲೆ ಆಕಾಶ ಹರಿದುಕೊಂಡು ಹೋಯಿತು.

“ಇನ್ನೊಂದ್ಸಲ ಸರ್,” ಎಂದಳು ಪ್ರೂ. ಅಭ್ಯಾಸಬಲ; ಯೋಚಿಸದೆ ಬಂದ ಮಾತು. ಆ ಮಾತಿಗಾಗಿ ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಶಪಿಸಿಕೊಂಡಳು.

ಮೂರನೆಯ ಸಲ ಓದಿದ. ಶುದ್ಧವಾಗಿ ಬಂತು.

ಹಳ್ಳಿಯ ಚರ್ಚಿನಲ್ಲಿ ಹನ್ನೆರಡು ಬಡಿಯಿತು.

ಪ್ರೂಳ ಹೆಡ್‌ಫೋನಿನಲ್ಲಿ ಮೊದಲು ಕೇಳಿಸಿದ್ದು ಬೆಂಚು ಎಳೆದ ಸದ್ದು. ಒಂದಲ್ಲ, ಉದ್ದಕ್ಕೂ ಸಾಲಾಗಿ. ಆಮೇಲೆ ಬಟ್ಟೆಯ ಸರಸರ. ಮರದ ಬಟ್ಟಲುಗಳನ್ನು ಮರದ ಮೇಲಿಟ್ಟ ಸದ್ದು. ಅವಳು ಹೆಡ್‌ಫೋನು ಕಿತ್ತಳು. ಖಾಲಿ ಹೊಲ. ಮತ್ತೆ ಹಾಕಿಕೊಂಡಳು. ಚಮಚಗಳು. ಅಗಿಯುವ ಸದ್ದು. ತೀರ ಹತ್ತಿರದಲ್ಲಿ, ಕಿವಿಯ ಪಕ್ಕದಲ್ಲೇ, ಯಾರೋ ನುಂಗಿದರು.

ಮೇಲೆ ಲಯೋನೆಲ್ “ಆಯ್ತಾ?” ಎಂದು ಕೇಳಹೊರಟ. ಬಾಯಿ ತೆರೆಯಿತು. ಆ ಮಾತು ಬರಲಿಲ್ಲ. ಗಂಟಲಿನೊಳಗೆ ಏನೋ ಸಡಿಲವಾಯಿತು, ಬೇರು ಕಳಚಿದ ಹಲ್ಲಿನ ಹಾಗೆ. ಆಮೇಲೆ ತುಟಿಗಳು ತಾವಾಗಿ ಆಡತೊಡಗಿದವು. ದನಿ ಬಂತು. ಅವನದೇ ದನಿ. ಆದರೆ ಬಾಯಿಂದ ಬರಲಿಲ್ಲ. ಬೆನ್ನ ಹಿಂದಿನ ಕಲ್ಲಿನಿಂದ ಬಂತು. ಅವನು ಕಲಿಯದ ಲ್ಯಾಟಿನ್ ಓದುತ್ತಿತ್ತು. ಎಲ್ಲೋ ನಡುವೆ ನಿಂತುಹೋಗಿದ್ದ ವಾಕ್ಯವೊಂದನ್ನು ಅರ್ಧದಿಂದ ಎತ್ತಿಕೊಂಡಿತ್ತು.

ಇಳಿಯಬೇಕೆಂದ. ಕಾಲು ಏಳಲಿಲ್ಲ. ಕೆಳಗೆ ನೋಡಿದ. ಹುಲ್ಲು ಎರಡು ಉದ್ದ ಸಾಲಾಗಿ ತಗ್ಗಿತ್ತು, ಮೇಲೆ ಯಾರೋ ಕೂತ ಹಾಗೆ. ಯಾರೂ ಇರಲಿಲ್ಲ. ನೆರಳುಗಳಿದ್ದವು. ಕೈಗಳ ನೆರಳುಗಳು ಮಾತ್ರ. ಎರಡು ಹೆಬ್ಬೆರಳು, ಎರಡು ತೋರುಬೆರಳು. ದುಂಡಗೆ. ಇನ್ನೊಂದು ಜೊತೆ. ಮತ್ತೊಂದು. ಒಂದು ಅಂಗೈ ಬಾಲದಂತೆ ಆಡಿತು. ಸಾಲಿನ ತುದಿಯಲ್ಲಿ ಒಂದೇ ಒಂದು ಕೈ ಆಡಲಿಲ್ಲ. ಅದು ನೇರವಾಗಿ ಗೂಡಿನ ಕಡೆಗೆ ತಿರುಗಿತು. ಬೆರಳು ಮೇಲಕ್ಕೆ ಆಡಿಸಿತು. ಇನ್ನೂ ಗಟ್ಟಿಯಾಗಿ.

ದನಿ ಗಟ್ಟಿಯಾಯಿತು.

ಕಾಲು ಗಂಟೆ ಕಳೆದ ಮೇಲೆ ಬೆಂಚುಗಳು ಸರಿದವು. ಹುಲ್ಲು ಮೇಲೆದ್ದಿತು. ಪ್ರೂ ಓಡಿಹೋಗಿ ಅವನನ್ನು ಮೆಟ್ಟಿಲಿಂದ ಎಳೆದು ತರುವಾಗ ಅವನ ಬಾಯಿ ತೆರೆದೇ ಇತ್ತು. ಒಳಗಿನಿಂದ ಉಸಿರು ಬಿಟ್ಟರೆ ಮತ್ತೇನೂ ಹೊರಡಲಿಲ್ಲ.

*

ಹೆಟ್ಟಿಯ ಅಡುಗೆಮನೆಯಲ್ಲಿ ಅವನನ್ನು ಒಲೆಯ ಪಕ್ಕ ಕೂರಿಸಿದರು. ಹೆಟ್ಟಿ ಎಲ್ಲರಿಗೂ ಚಹಾ ಬಗ್ಗಿಸಿದಳು. ಅವಳ ಕಣ್ಣು ಲಯೋನೆಲ್ ಮೇಲಿರಲಿಲ್ಲ, ಗಂಡನ ಮೇಲಿತ್ತು.

ವಿಲ್ಫ್ ಬಟ್ಟಲನ್ನು ತುಟಿಗೆ ತಂದ. ಒಂದು ಗುಟುಕು ಕುಡಿದ. ಗಂಟಲು ಸರಿಮಾಡಿಕೊಂಡ.

“ಸಪ್ಪೆ,” ಎಂದ.

ಹೆಟ್ಟಿಯ ಕೈಯಿಂದ ಕೆಟಲು ಜಾರಿ ನೆಲಕ್ಕೆ ಬಿತ್ತು.

“ನಲವತ್ತೊಂಬತ್ತು ವರ್ಷಕ್ಕೆ ಬಾಯಿ ಬಿಟ್ಟು ಇದನ್ನಾ ಹೇಳೋದು ನೀನು?”

“ನಲವತ್ತೊಂಬತ್ತು ವರ್ಷದಿಂದಲೂ ಸಪ್ಪೆ ಕಣೇ. ಕೈಸನ್ನೆ ಮಾಡಿ ಮಾಡಿ ಸಾಕಾಗಿತ್ತು ನಂಗೆ.”

ಹೆಟ್ಟಿ ಒದ್ದೆ ಬಟ್ಟೆಯಿಂದ ಅವನ ಭುಜಕ್ಕೆ ಬಾರಿಸಿದಳು, ಬಾರಿಸುತ್ತಲೇ ಅತ್ತಳು. ಪ್ರೂಳ ಮೈ ಜುಮ್ಮೆಂದಿತು. ಸುಕ್ಕುಗಟ್ಟಿದ ಆ ಮುಖದಿಂದ ಬರುತ್ತಿದ್ದದ್ದು ಇಪ್ಪತ್ತೆರಡರ ಹುಡುಗನ ದನಿ. ಬಳಸದೆ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಬಟ್ಟೆಯಂಥ ದನಿ.

ಲಯೋನೆಲ್ ಪ್ರೂಳ ಪುಸ್ತಕ ಕಿತ್ತುಕೊಂಡು ಗೀಚಿದ: ನನ್ನ ದನಿ ವಾಪಸ್ ಕೊಡು.

“ಕೊಡೋಕೆ ನನ್ನ ಹತ್ರ ಎಲ್ಲಿದೆ ಕಂದಾ?” ಎಂದಳು ಹೆಟ್ಟಿ, ಮೂಗು ಒರೆಸಿಕೊಳ್ಳುತ್ತ. ಅವನ ಬಗ್ಗೆ ಬಹುವಚನ ಬಿಟ್ಟುಹೋಗಿತ್ತು. “ಮಠದ ಸನ್ಯಾಸಿನಿ ಅಕ್ಕಂದಿರ ಹತ್ರ ಇದೆ. ಐನೂರು ವರ್ಷದ ಹಿಂದೆ ರಾಜನ ಆಳುಗಳು ಮಠ ಮುಚ್ಚಿಸೋಕೆ ಬಂದಾಗ ಅವರು ಊಟಕ್ಕೆ ಕೂತಿದ್ರು. ಒಬ್ಬ ನಗ್ತಾ ಗೂಡು ಹತ್ತಿ, ಓದ್ತಿದ್ದವಳನ್ನ ಕೂದಲು ಹಿಡಿದು ಎಳೆದು ಹಾಕಿದ. ಅವಳ ಹಾಗೇ ಕೀರಲು ದನೀಲಿ ಅಣಕಿಸಿದ. ಹಿರಿಯಕ್ಕ ಊಟ ನಿಲ್ಲಿಸಲಿಲ್ಲ. ಬಾಯೂ ಬಿಡಲಿಲ್ಲ. ಬತ್ತಿಯನ್ನ ನೆಲಕ್ಕೆ ಒತ್ತಿ ಆರಿಸಿ, ಕೈಸನ್ನೇಲೇ ಶಾಪ ಹಾಕಿದಳು. ನಕ್ಕವನೇ ಉಳಿದದ್ದನ್ನ ಓದಲಿ. ನಾವು ಏಳೋವರೆಗೂ ಓದಲಿ. ಅವನಾದ ಮೇಲೆ ಇನ್ನೊಬ್ಬ. ಎಪ್ಪತ್ತಾರನೇ ಇಸವಿಯ ಬಿಸಿಲುಗಾಲದಲ್ಲಿ ಈ ನನ್ನ ಬುದ್ಧಿಗೇಡಿ. ಗೆಳೆಯರ ಮುಂದೆ ಗಂಡಸುತನ ತೋರಿಸೋಕೆ ಹತ್ತಿದ್ದ.”

“ಹಾಗಿದ್ದೂ ನೀವು ಇವರನ್ನ ಒಳಗೆ ಬಿಟ್ರಾ?” ಪ್ರೂಳ ದನಿ ಏರಿತು. “ಇದು ಮೋಸ.”

“ಮೋಸ ಎಲ್ಲಿ ಬಂತಮ್ಮಾ? ಹೇಳ್ದೆ. ಬಿಡಿಸಿ ಹೇಳ್ದೆ. ಕೇಳಿಸ್ತು ಅಂತ ಇವನ ಬಾಯಿಂದಲೇ ಅನ್ನಿಸಿದೆ. ಹೇಳದೆ ಇದ್ರೆ ಅಕ್ಕಂದಿರು ಮುಟ್ಟೋದಿಲ್ಲ. ಎಚ್ಚರಿಸಿದ ಮೇಲೂ ಹತ್ತಬೇಕು, ‘ತುಟಿ ತೆರೆ’ ಅಂತ ಹೀಯಾಳಿಸ್ತಾ ಮೂರು ಸಲ ಕೇಳ್ಕೋಬೇಕು, ಅವರು ಊಟಕ್ಕೆ ಕೂರೋ ಮೊದಲು. ಅಂಥವನು ಸಿಗೋದು ಎಷ್ಟು ಕಷ್ಟ ಗೊತ್ತಾ? ಬರೋರೆಲ್ಲ ಒಳ್ಳೆಯವರೇ. ಟೋಪಿ ತೆಗೀತಾರೆ, ಪಿಸುಗುಡ್ತಾರೆ, ಥ್ಯಾಂಕ್ಸ್ ಹೇಳಿ ಹೋಗ್ತಾರೆ. ನಲವತ್ತೊಂಬತ್ತು ವರ್ಷ! ಆಮೇಲೆ ಹೋದ ವರ್ಷ ಚರ್ಚಿನ ಹೆಂಗಸರ ಜೊತೆ ಬಸ್ಸಲ್ಲಿ ಒಂದು ಕೋಟೆ ನೋಡೋಕೆ ಹೋದೆ. ಕಿವಿಗೆ ಹಾಕ್ಕೊಂಡೆ. ‘ನಿಮ್ಮಂಥವರನ್ನು ಈ ಬಾಗಿಲ ಒಳಗೆ ಬಿಡುತ್ತಲೇ ಇರಲಿಲ್ಲ’ ಅಂತ ನಗ್ತಾ ಹೇಳಿದೆಯಲ್ಲ ನೀನು, ಅಷ್ಟು ಇಂಪಾಗಿ. ಅಲ್ಲೇ ಗೊತ್ತಾಯ್ತು. ಮನೆಗೆ ಬಂದವಳೇ ಸ್ಮಾರಕಗಳ ಇಲಾಖೆಗೆ ಪತ್ರ ಬರೆದೆ. ನಮ್ಮ ಮಠಕ್ಕೂ ಮಿಸ್ಟರ್ ಟ್ರೆಂಚ್ ದನಿಯೇ ಬೇಕು ಅಂತ. ಮೂರು ಪತ್ರ ಬರೆದೆ.”

ಲಯೋನೆಲ್ ಎದ್ದು ಬಟ್ಟಲನ್ನು ಗೋಡೆಗೆ ಅಪ್ಪಳಿಸಿದ. ಅದು ಚೂರಾಗುವಾಗಲಾದರೂ ಸದ್ದಾಯಿತು.

“ಊಟ ಇಲ್ಲೇ ಮಾಡಬೇಕಾಗತ್ತೆ ನೀನು,” ಎಂದ ವಿಲ್ಫ್, ಆ ಹುಡುಗು ದನಿಯಲ್ಲಿ, ಸ್ವಲ್ಪ ಮರುಕದಿಂದ. “ಓದೋರ ಊಟ ಪಂಕ್ತಿ ಎದ್ದ ಮೇಲೆ. ಅದೂ ಆ ಗೋಡೆ ಒಳಗೇ. ಬೇರೆ ಕಡೆ ತಿಂದದ್ದು ನಿಲ್ಲೋದಿಲ್ಲ.”

ಲಯೋನೆಲ್ ಅದನ್ನೂ ನಂಬಲಿಲ್ಲ. ಮೂರು ದಿನ ಪಟ್ಟಣದ ಹೋಟೆಲಿನಲ್ಲಿದ್ದ. ಇಬ್ಬರು ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಎಲ್ಲ ಸರಿಯಾಗಿದೆ, ವಿಶ್ರಾಂತಿ ಬೇಕು ಎಂದರು. ತಿಂದದ್ದೆಲ್ಲ ವಾಂತಿಯಾಯಿತು. ಮೊದಲು ಮಾಂಸ, ಆಮೇಲೆ ಸಾರು, ಕೊನೆಗೆ ಬಿಸಿನೀರೂ. ಹನ್ನೆರಡು ಹೊಡೆದಾಗ ಊಟದ ಕೋಣೆಯ ತುಂಬ ಜನರೆದುರು ಅವನ ತುಟಿಗಳು ಕಾಲು ಗಂಟೆ ಸದ್ದಿಲ್ಲದೆ ಆಡಿದವು. ಪಕ್ಕದ ಮೇಜಿನ ಹೆಂಗಸು ಮಕ್ಕಳನ್ನು ಬೇರೆ ಕುರ್ಚಿಗೆ ಎಬ್ಬಿಸಿ ಕೂರಿಸಿದಳು. ನಾಲ್ಕನೆಯ ದಿನ ಅವನು ಗೋಡೆ ಹಿಡಿದುಕೊಂಡು ನಡೆಯುವಂತಾದಾಗ ಪ್ರೂ ವ್ಯಾನಿನಲ್ಲಿ ಕೆಲ್‌ಥಾರ್ಪಿಗೆ ವಾಪಸು ಕರೆತಂದಳು.

ಆ ದಿನ ಓದು ಮುಗಿದ ಮೇಲೆ ಹೆಟ್ಟಿ ಗೋಡೆಯ ಬುಡದಲ್ಲಿ ಇಟ್ಟುಹೋಗಿದ್ದ ಬ್ರೆಡ್ಡು, ಚೀಸಿನ ತುಂಡನ್ನು ಅವನು ಮಂಡಿಯೂರಿ, ಎರಡೂ ಕೈಯಿಂದ ತುರುಕಿಕೊಂಡು ತಿಂದ. ನಿಂತಿತು.

ಬಾಯಿ ಒರೆಸಿಕೊಂಡವನೇ ಪ್ರೂಳಿಗೆ ಬರೆದು ತೋರಿಸಿದ: ನಾಳೆ ಬೆಳಿಗ್ಗೆ ಯಂತ್ರ ಪರೀಕ್ಷಿಸಬೇಕು. ನೀನು ಮೇಲೆ ಹತ್ತಿ ಆ ಸಾಲನ್ನು ಮೂರು ಸಲ ಓದು. ನನ್ನ ಹಾಗೆ ತಮಾಷೆಯಾಗಿ ಓದು. ಏನೂ ಆಗುವುದಿಲ್ಲ.

ಪ್ರೂ ಓದಿದಳು. ಹಾಳೆಯನ್ನು ನಾಲ್ಕಾಗಿ ಮಡಚಿ ಅವನ ಜೇಬಿನಲ್ಲಿಟ್ಟಳು.

“ಹನ್ನೊಂದು ವರ್ಷ ನಿಮ್ಮ ಉಸಿರು ಕೇಳಿದ್ದೀನಿ ಸರ್. ಯಾವಾಗ ಸುಳ್ಳು ಹೇಳ್ತೀರಿ ಅಂತ ಗೊತ್ತಾಗೋದಕ್ಕೆ ನೀವು ಮಾತಾಡಬೇಕಾಗಿಲ್ಲ.” ಚೀಲ ಹೆಗಲಿಗೇರಿಸಿದಳು. “ಅಲ್ಲದೆ ನನಗೆ ಅವರನ್ನ ನೋಡಿ ನಗು ಬರೋದಿಲ್ಲ.”

ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ಅವನು ನಿಂತು ನೋಡಿದ. ಬೈಯಬೇಕೆನಿಸಿತು. ಬೈಯಲು ಒಂದು ಕೈಸನ್ನೆಯೂ ಅವನಿಗೆ ಬರುತ್ತಿರಲಿಲ್ಲ.

*

ಅವನು ಹೆಟ್ಟಿಯ ಹಿಂದಿನ ಕೋಣೆಯಲ್ಲಿ ಉಳಿದ. ಕಾಲು ಗಂಟೆ ಓದು, ಆಮೇಲೆ ಊಟ. ಇಷ್ಟಾದರೆ ತಡೆದುಕೊಳ್ಳಬಹುದು, ಎಷ್ಟು ದಿನ, ಇನ್ನೊಬ್ಬ ಮೂರ್ಖ ಸಿಗುವ ತನಕ ತಾನೇ ಎಂದುಕೊಂಡ. ತನ್ನಂಥವರು ಲೋಕದಲ್ಲಿ ಕಡಿಮೆಯೇನೂ ಇಲ್ಲ.

ಎರಡನೆಯ ವಾರದಲ್ಲಿ ಓದು ಅರ್ಧ ಗಂಟೆಯಾಯಿತು. ಜುಲೈ ಕೊನೆಗೆ ಎರಡು ಗಂಟೆ.

“ಅಷ್ಟು ಚೆನ್ನಾಗಿ ಓದಬೇಡ ಮಾರಾಯ,” ಎಂದ ವಿಲ್ಫ್. ಈಗ ಅವನು ದಿನವಿಡೀ ಮಾತಾಡುತ್ತಿದ್ದ. ಹಳ್ಳಿಯವರು ಅವನನ್ನು ಕಂಡರೆ ರಸ್ತೆ ದಾಟುತ್ತಿದ್ದರು. “ನಾನು ಗೊಣಗ್ತಿದ್ದೆ. ಉಗುಳು ನುಂಗ್ಕೊಂಡು, ಅಕ್ಷರ ಕೂಡಿಸ್ಕೊಂಡು. ಕಾಲು ಗಂಟೆಗೇ ಬೇಜಾರಾಗಿ ಎದ್ದು ಹೋಗ್ತಿದ್ರು. ನಿನ್ನದು ಕೇಳ್ತಾ ಕೂತ್ರೆ ಯಾರಿಗೆ ಏಳೋಕೆ ಮನಸ್ಸು ಬರತ್ತೆ ಹೇಳು? ನಾನೇ ನಿನ್ನೆ ಬೇಲಿ ಹತ್ರ ನಿಂತ್ಬಿಟ್ಟಿದ್ದೆ. ಹಾಲು ಕರೆಯೋದೇ ಮರ್ತುಹೋಯ್ತು.”

ಲಯೋನೆಲ್ ಕೆಟ್ಟದಾಗಿ ಓದಲು ನೋಡಿದ. ತುಟಿಗಳನ್ನು ಹಲ್ಲಿನಿಂದ ಕಚ್ಚಿ ಹಿಡಿದ. ನಾಲಿಗೆಯನ್ನು ಬೆರಳಿನಿಂದ ಎಳೆದ. ತುಟಿ ಹರಿದು ರಕ್ತ ಬಂತು. ಗೋಡೆಯೊಳಗಿನ ದನಿಗೆ ಏನೂ ಆಗಲಿಲ್ಲ. ಮೂವತ್ತು ವರ್ಷ ಬಿಸಿನೀರು ಕುಡಿಸಿ, ಉಣ್ಣೆ ಸುತ್ತಿ, ಪಳಗಿಸಿ ಬೆಳೆಸಿದ ದನಿ ಅದು. ಕೆಟ್ಟದಾಗಿ ಓದುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಗೋಧಿ ಕೊಯ್ಲಿನ ಹೊತ್ತಿಗೆ ಅಕ್ಕಂದಿರು ಹನ್ನೊಂದಕ್ಕೇ ಬಂದು ಕೂರತೊಡಗಿದರು. ಸೆಪ್ಟೆಂಬರಿನಲ್ಲಿ ಹತ್ತಕ್ಕೆ. ಬಿಸಿಲು ಪಡುವಣ ಬೇಲಿ ಮುಟ್ಟಿದ ಮೇಲೇ ಏಳುತ್ತಿದ್ದರು. ಆಮೇಲೆ ಊಟ. ಬ್ರೆಡ್ಡು ಆ ವೇಳೆಗೆ ಒಣಗಿ ಅಂಚು ಮೇಲೆದ್ದಿರುತ್ತಿತ್ತು. ಅವನ ಕೋಟಿನ ಗುಂಡಿಗಳು ಸಡಿಲವಾದವು. ಮಫ್ಲರು ಕತ್ತಿಗೆ ಮೂರು ಸುತ್ತು ಬರುತ್ತಿತ್ತು.

ಬೆಳಗ್ಗೆ ಒಂದು ಗಂಟೆ ಹೊತ್ತು ಮಾತ್ರ ಅವನ ಕೈಯಲ್ಲಿತ್ತು. ಒಂಬತ್ತಕ್ಕೇ ಗೇಟು ತೆಗೆದು, ಬರುವವರಿಗಾಗಿ ಕಾಯುತ್ತಿದ್ದ. ಫಲಕದ ಪಕ್ಕದಲ್ಲಿ ತಾನೇ ಬರೆದ ಎಚ್ಚರಿಕೆಯನ್ನು ತೂಗುಹಾಕಿದ್ದ, ನಿಯಮ ತಪ್ಪುವಂತಿರಲಿಲ್ಲ. ಮಾತಾಡಬೇಡಿ. ಹತ್ತಬೇಡಿ. ಓದಬೇಡಿ. ಜನ ಬಂದರು. ಓದಿದರು. ತಲೆಯಾಡಿಸಿದರು. ಮಾತಾಡಲಿಲ್ಲ, ಹತ್ತಲಿಲ್ಲ, ಓದಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು ದಿಬ್ಬಗಳ ನಡುವೆ ಮೆಲ್ಲಗೆ ಓಡಾಡಿ, ಹೋಗುವಾಗ ಅವನಿಗೆ ನಮಸ್ಕಾರ ಹೇಳಿದರು. ಒಬ್ಬಾಕೆ ಅವನ ಕೆನ್ನೆಯ ಗುಳಿ ನೋಡಿ ಬಿಸ್ಕತ್ತಿನ ಪೊಟ್ಟಣ ಕೊಟ್ಟಳು. ಅದನ್ನು ಅವನು ಕುರಿಗಳತ್ತ ಎಸೆದ. ಇಷ್ಟೊಂದು ಮರ್ಯಾದಸ್ಥರು ಈ ದೇಶದಲ್ಲಿದ್ದಾರೆ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಅವರಲ್ಲಿ ಒಬ್ಬೊಬ್ಬರನ್ನೂ ಹೊಟ್ಟೆಯ ಉರಿಯೆಲ್ಲ ಸೇರಿಸಿ ದ್ವೇಷಿಸಿದ.

ಅಕ್ಟೋಬರ್ ಮೊದಲ ವಾರದಲ್ಲಿ ಡೆಸ್ಮಂಡ್ ಕ್ರೋಲ್ ಬಂದ.

ರೇಡಿಯೋದಲ್ಲಿ ಬೆಳಗಿನ ಹೊತ್ತು ಜನರಿಗೆ ಫೋನ್ ಮಾಡಿ ಗೇಲಿ ಮಾಡುವುದೇ ಅವನ ಕೆಲಸ. ಕಾರಿನಿಂದ ಇಳಿಯುವ ಮೊದಲೇ ಅವನ ನಗು ಕೇಳಿಸಿತು. ಜೊತೆಗೆ ಹೆಂಡತಿ, ಮೊಬೈಲು ಮುಂದೆ ಹಿಡಿದುಕೊಂಡು.

“ಲೇ ಶೀಲಾ, ಇದನ್ನ ಓದು! ‘ಹತ್ತಬೇಡಿ, ಓದಬೇಡಿ.’ ಉಸಿರಾಡಬಹುದಂತಾ ಕೇಳು.” ಲಯೋನೆಲ್‌ನನ್ನು ನೋಡಿದ. “ನೀವ್ಯಾರು ಸ್ವಾಮಿ, ಕಾವಲುಗಾರರಾ, ಇಲ್ಲಾ ಅಗೆದಾಗ ಸಿಕ್ಕವರಾ?”

ಲಯೋನೆಲ್‌ನ ಎದೆ ಡಬಡಬ ಬಡಿದುಕೊಂಡಿತು. ಎಷ್ಟು ತಿಂಗಳ ಮೇಲೆ ಕಿವಿಗೆ ಬಿದ್ದ ಗೇಲಿಯ ಮಾತು! ಫಲಕದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ತೋರಿಸಿದ. ಅರ್ಥವಾಯಿತೇ ಎಂದು ಹುಬ್ಬಿನಲ್ಲೇ ಕೇಳಿದ.

“ಆಯ್ತು, ಆಯ್ತು ತಾತಾ. ಕಣ್ಣು ಕಾಣತ್ತೆ ನಂಗೆ,” ಎಂದ ಡೆಸ್ಮಂಡ್. ಹೆಂಡತಿಗೆ ಕಣ್ಣು ಮಿಟುಕಿಸಿ ನೇರವಾಗಿ ಗೋಡೆಯತ್ತ ನಡೆದ.

ಒಂಬತ್ತೂ ಮುಕ್ಕಾಲು. ಸಮಯವಿತ್ತು.

ಡೆಸ್ಮಂಡ್ ಗೂಡಿನಲ್ಲಿ ಕಾಣಿಸಿಕೊಂಡ. ಜಾಕೆಟ್ಟನ್ನು ತಲೆಗೆ ಹೊದ್ದಿದ್ದ. ಎದೆಯ ಮೇಲೆ ಕೈಕಟ್ಟಿ, ಕೆತ್ತಿದ ಸಾಲನ್ನು ಹಂದಿಯ ದನಿಯಲ್ಲಿ ಓದಿದ. ಹೆಂಡತಿ ನಗುತ್ತ ಬಗ್ಗಿಹೋದಳು.

ಒಂದು.

ಲಯೋನೆಲ್ ಗೋಡೆಗೆ ಒರಗಿದ.

“ಇನ್ನೊಂದ್ಸಲ ಡೆಸ್! ನಗೋದ್ರಲ್ಲಿ ಸರಿಯಾಗಿ ಹಿಡಿಯೋಕೆ ಆಗಲಿಲ್ಲ!”

ಈ ಸಲ ಕತ್ತೆಯ ದನಿಯಲ್ಲಿ ಓದಿದ.

ಎರಡು.

ಇನ್ನೊಂದು. ಒಂದೇ ಒಂದು. ಹೇಳು. ಬೇಗ ಹೇಳು. ಲಯೋನೆಲ್‌ನ ಕೈಗಳು ತಾವಾಗಿ ಕೂಡಿಕೊಂಡಿದ್ದವು. ಬಾಯಲ್ಲಿ ಆಗಲೇ ತನ್ನ ಮೊದಲ ಮಾತಿನ ರುಚಿ. ಇವನಿಗೆ ಏನಾಗುವುದೆಂಬ ಯೋಚನೆ ಒಮ್ಮೆಯೂ ಸುಳಿಯಲಿಲ್ಲ. ಗೂಡಿನಲ್ಲಿ ಡೆಸ್ಮಂಡ್ ಎದೆಯುಬ್ಬಿಸಿ ಉಸಿರೆಳೆದುಕೊಂಡ.

ಗಾಳಿ ನಿಂತಿತು.

ಮೇಣದಬತ್ತಿಯ ಹೊಗೆ.

ಇಲ್ಲ. ಇನ್ನೂ ಹತ್ತಾಗಿಲ್ಲ. ಇನ್ನೂ ಹತ್ತು ನಿಮಿಷವಿದೆ.

ಹುಲ್ಲು ಸಾಲಾಗಿ ತಗ್ಗಿತು. ಅವರಿಗೆ ಕಾಯಲಾಗಿರಲಿಲ್ಲ. ಲಯೋನೆಲ್ ಎರಡೂ ಅಂಗೈಗಳಿಂದ ಬಾಯಿ ಮುಚ್ಚಿಕೊಂಡ. ಮುಷ್ಟಿ ತುರುಕಿದ. ಕಚ್ಚಿದ. ತುಟಿಗಳು ಮುಷ್ಟಿಯ ಸುತ್ತಲೇ ಆಡಿದವು. ದನಿ ಬಂತು. ಕಲ್ಲಿನಿಂದ ಬಂತು. ಡೆಸ್ಮಂಡನ ಬೆನ್ನ ಹಿಂದಿನಿಂದ, ಅವನ ಕಿವಿಯ ಪಕ್ಕದಿಂದ, ತುಂಬಿಕೊಂಡು, ಮೆಲ್ಲಗೆ, ಕಂಚಿನ ಪಾತ್ರೆಯಂತೆ ಮೊಳಗುತ್ತ ಬಂತು.

ಡೆಸ್ಮಂಡನ ಬಾಯಿ ತೆರೆದದ್ದು ತೆರೆದೇ ಇತ್ತು. ಎಳೆದುಕೊಂಡ ಉಸಿರು ಸುಮ್ಮನೆ ಹೊರಗೆ ಹೋಯಿತು. ಅವನು ಜಾಕೆಟ್ಟನ್ನು ತಲೆಯಿಂದ ಇಳಿಸಿದ. ಮೆಟ್ಟಿಲ ಮೇಲೆ ಸದ್ದಾಗದಂತೆ ಒಂದೊಂದೇ ಹೆಜ್ಜೆಯಿಟ್ಟು ಇಳಿದು ಬಂದ. ಹೆಂಡತಿ ಏನೋ ಕೇಳಹೊರಟಾಗ ತುಟಿಯ ಮೇಲೆ ಬೆರಳಿಟ್ಟ.

ಗೋಡೆಯಾಚೆ ಒಂದು ಕಲ್ಲಿನ ಮೇಲೆ ಇಬ್ಬರೂ ಕೂತರು. ಒಂದು ಮಾತೂ ಅರ್ಥವಾಗುತ್ತಿರಲಿಲ್ಲ ಅವರಿಗೆ. ಮಧ್ಯಾಹ್ನವಾಯಿತು. ಬೇರೆ ಜನ ಬಂದರು, ಅವರೂ ಕೂತರು. ಒಬ್ಬ ಮುದುಕ ಕಣ್ಣು ಒರೆಸಿಕೊಂಡ. ಲಯೋನೆಲ್ ಗೋಡೆಯ ಬುಡದಲ್ಲಿ ಬಿದ್ದುಕೊಂಡು ಕೈ ಬೀಸಿದ, ಮಣ್ಣು ತೂರಿದ, ಕಾಲು ಬಡಿದ. ಯಾರೂ ಅವನನ್ನು ನೋಡಲಿಲ್ಲ. ಯಾವನೋ ಕಾಯಿಲೆಯ ಮನುಷ್ಯ ಎಂದು ಮುಖ ತಿರುಗಿಸಿಕೊಂಡರು, ಕೇಳಲು ತೊಂದರೆಯಾಗುತ್ತಿತ್ತು.

ಬಿಸಿಲು ಪಡುವಣ ಬೇಲಿ ಮುಟ್ಟಿತು. ದಾಟಿತು. ಬೆಂಚುಗಳು ಸರಿಯಲಿಲ್ಲ.

ಹೆಟ್ಟಿ ಬ್ರೆಡ್ಡು ಹಿಡಿದುಕೊಂಡು ಬಂದು ಗೇಟಿನ ಹತ್ತಿರ ನಿಂತಳು. ಹೊರಡುತ್ತಿದ್ದ ಡೆಸ್ಮಂಡ್ ಅವಳನ್ನು ಕಂಡು ಟೋಪಿ ತೆಗೆದ. ಅವನ ದನಿ ಪಿಸುಮಾತಿಗಿಂತ ಮೇಲೇರಲಿಲ್ಲ.

“ಯಾರ ದನಿ ಅಮ್ಮಾ ಅದು? ಮುಗಿಯೋದೇ ಬೇಡ ಅನ್ನಿಸ್ತಿದೆ.”

“ಅವರಿಗೂ ಹಾಗೇ ಅನ್ನಿಸಿರ್ಬೇಕು,” ಎಂದಳು ಹೆಟ್ಟಿ.

ಬ್ರೆಡ್ಡನ್ನು ಸೆರಗಿನಂಥ ತನ್ನ ಏಪ್ರನ್ನಿನಲ್ಲಿ ಸುತ್ತಿಕೊಂಡು ಅವಳು ಇನ್ನೂ ಸ್ವಲ್ಪ ಹೊತ್ತು ಕಾದಳು. ಗೋಡೆಯೊಳಗೆ ಹಾಳೆಯೊಂದನ್ನು ಮಗುಚಿದ ಸದ್ದಾಯಿತು, ದನಿ ಮುಂದುವರಿಯಿತು.